ನಿಮ್ಮ ಪತ್ತೇದಾರನನ್ನು ಮೊದಲು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕಳಿಸಿ

ಪ್ರಶ್ನೆ: ನಾನು ಮಂಡ್ಯದವಳು, ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರು. ಒಂದು ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದೇನೆ, ಬರೆದಷ್ಟು ಅಧ್ಯಾಯಗಳನ್ನು ಜೊತೆಗೆ ಕಳಿಸಿದ್ದೇನೆ. ಮೈಸೂರಿನ ಲಕ್ಷ್ಮೀಪುರಂನಲ್ಲಿ ಒಂದು ಹಳೇ ಮನೆ. ಮನೆಯವರ ಮೂಲ ಪಾಂಡವಪುರದ ಕಡೆಯ ಹಳ್ಳಿ. ಆ ಮನೆಯ ಮಗಳು 1983ರಲ್ಲಿ ಕಾಣೆಯಾದಳು. ‘ಯಾರ ಜೊತೆಗೋ ಓಡಿಹೋದಳು’ ಎಂದು ಮನೆಯವರು ಹೇಳಿಕೊಂಡು ಬಂದಿದ್ದಾರೆ. ಈಗ ಬೆಂಗಳೂರಿನಲ್ಲಿರುವ ಅವಳ ಸೋದರಳಿಯ, ಅಂದರೆ ಅಣ್ಣನ ಮಗ, ಅತ್ತೆಯನ್ನು ಹುಡುಕಿಕೊಡಿ ಎಂದು ಮೈಸೂರಿನ ಖಾಸಗಿ ಪತ್ತೇದಾರನೊಬ್ಬನ ಹತ್ತಿರ ಬರುತ್ತಾನೆ. ಕೊನೆಗೆ ಹಿತ್ತಲ ಬಾವಿಯಲ್ಲಿ ಮೂಳೆ ಸಿಗುತ್ತವೆ, ಹುಡುಗನ ಡಿಎನ್‌ಎ ಜೊತೆ ಹೊಂದುತ್ತವೆ, ದೊಡ್ಡಪ್ಪ ಎಲ್ಲರೆದುರು ತಪ್ಪೊಪ್ಪಿಕೊಳ್ಳುತ್ತಾರೆ. ಪತ್ತೇದಾರನಿಗೆ ನಿಜವಾಗಿ ಏನೇನು ಅಧಿಕಾರವಿರುತ್ತದೆ? ಇಷ್ಟು ಹಳೆಯ ಗುಟ್ಟನ್ನು ಅವನು ಎಲ್ಲಿಂದ ಕೆದಕಬೇಕು? ಅವನನ್ನು ಪೊಲೀಸ್ ಇನ್ಸ್‌ಪೆಕ್ಟರ್ ಮಾಡಿಬಿಡು, ಆಗ ನಂಬುತ್ತಾರೆ ಎನ್ನುತ್ತಾರೆ ಸ್ನೇಹಿತರು. ಮಾಡಲೇ?

ಉತ್ತರ: ಬೇಡ ಮೇಡಂ, ಅವನು ಖಾಸಗಿ ಪತ್ತೇದಾರನಾಗಿಯೇ ಇರಲಿ. ಕಾನೂನಿನ ಒಂದು ವಿಚಿತ್ರ ನಿಮ್ಮ ಪರವಾಗಿದೆ. ಆರೋಪಿ ಪೊಲೀಸರ ಮುಂದೆ ತಪ್ಪೊಪ್ಪಿಕೊಂಡರೆ ಅದನ್ನು ಅವನ ಮೇಲೆ ಸಾಕ್ಷ್ಯವಾಗಿ ಬಳಸುವಂತಿಲ್ಲ. 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಇದನ್ನು ಹೇಳುತ್ತಿತ್ತು. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 23ನೇ ಕಲಂ. ಅದೇ ಮಾತನ್ನು ದೊಡ್ಡಪ್ಪ ನಿಮ್ಮ ಪತ್ತೇದಾರನ ಮುಂದೆ ಆಡಿದರೆ ಕೋರ್ಟು ಕಿವಿಗೊಡುತ್ತದೆ. ಬಲವಾದ ಸಾಕ್ಷ್ಯವೇನಲ್ಲ, ಪಕ್ಕದಲ್ಲಿ ಬೇರೆ ಪುರಾವೆ ನಿಲ್ಲಬೇಕು, ಆದರೆ ಬಾಗಿಲಲ್ಲೇ ತಡೆಯುವುದಿಲ್ಲ. ಹಾಗಾಗಿ ಇನ್ಸ್‌ಪೆಕ್ಟರ್ ಮಾಡಿದ ಕ್ಷಣವೇ ನಿಮ್ಮ ಕ್ಲೈಮ್ಯಾಕ್ಸ್ ಕೈಬಿಟ್ಟು ಹೋಗುತ್ತದೆ.

ಇನ್ನು ಅಧಿಕಾರದ ಮಾತು. ಅಧಿಕಾರ ಅನ್ನುವಂಥದ್ದು ಅವನಿಗೆ ಏನೂ ಇಲ್ಲ. ಸೆಕ್ಯುರಿಟಿ ಏಜೆನ್ಸಿಗಳಿಗೆ 2005ರಲ್ಲಿ ಕಾಯ್ದೆ ಬಂತು, ಲೈಸೆನ್ಸ್ ಬೇಕು. ಪತ್ತೇದಾರಿ ಸಂಸ್ಥೆಗಳಿಗೂ ಹಾಗೇ ಮಾಡೋಣ ಅಂತ 2007ರಲ್ಲಿ ರಾಜ್ಯಸಭೆಯಲ್ಲಿ ಮಸೂದೆ ಮಂಡಿಸಿದರು, ಅದು ಕಾಯ್ದೆಯಾಗಲಿಲ್ಲ. ಹೀಗಾಗಿ ಯಾರು ಬೇಕಾದರೂ ಬೋರ್ಡ್ ಹಾಕಬಹುದು. ಆದರೆ ಬೋರ್ಡ್ ಹಾಕಿದ್ದಕ್ಕೆ ಯಾವ ಬಾಗಿಲೂ ತೆರೆಯುವುದಿಲ್ಲ. ಬಂಧಿಸುವಂತಿಲ್ಲ, ಮನೆಗೆ ನುಗ್ಗಿ ಶೋಧಿಸುವಂತಿಲ್ಲ, ಯಾರನ್ನೂ ಕರೆಸಿ ಹೇಳಿಕೆ ಬರೆಸಿಕೊಳ್ಳುವಂತಿಲ್ಲ. ನಿಮ್ಮ ಎರಡನೇ ಅಧ್ಯಾಯದಲ್ಲಿ ಅವನು ‘ಪರಿಚಯದವರ ಮೂಲಕ’ ದೊಡ್ಡಪ್ಪನ ಫೋನಿನ ಕಾಲ್ ಲಿಸ್ಟ್ ತರಿಸಿಕೊಳ್ಳುತ್ತಾನೆ ಎಂದಿದ್ದೀರಿ. ಅದು ಸಿನಿಮಾದಲ್ಲಿ ನಡೆಯುತ್ತದೆ. ನಿಜದಲ್ಲಿ ಅವನೇ ಆರೋಪಿಯಾಗುತ್ತಾನೆ. ಅದನ್ನು ತೆಗೆದುಹಾಕಿ. ಮೈಸೂರಿನಂಥ ಊರಿನಲ್ಲಿ ಇಂಥವನ ಹೊಟ್ಟೆ ತುಂಬಿಸುವುದು ಮದುವೆಗೆ ಮುಂಚೆ ಹುಡುಗನ ಗುಣ ವಿಚಾರಿಸುವ ಕೆಲಸ, ಇನ್ಶೂರೆನ್ಸ್ ಕ್ಲೇಮಿನ ಕೆಲಸ. ಕೂತು ಕಾಯುವುದು, ಕೇಳಿಸಿಕೊಳ್ಳುವುದು, ಕಾಗದ ಓದುವುದು ಅವನಿಗೆ ಗೊತ್ತು. ನಿಮ್ಮ ಕಥೆಗೆ ಮೂರನೆಯದೇ ಮುಖ್ಯ.

ಸಿವಿಲ್ ವಕೀಲಿಕೆ ಮಾಡುವವನಾಗಿ ನನ್ನ ಒಂದೇ ಒಂದು ಸಲಹೆ ಇದು. ನಮ್ಮ ಕಡೆ ಮನೆತನದ ಗುಟ್ಟು ಡೈರಿಯಲ್ಲೋ ಪ್ರೇಮಪತ್ರದಲ್ಲೋ ಇರುವುದಿಲ್ಲ. ಆಸ್ತಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದ ಕಾಗದದಲ್ಲಿ ಇರುತ್ತದೆ. ಯಾರು ರುಜು ಹಾಕಿದರು, ಯಾರು ಹಾಕಬೇಕಿತ್ತು, ಹಾಕಬೇಕಾದವರು ಆ ದಿನ ಎಲ್ಲಿದ್ದರು, ಇಷ್ಟನ್ನು ಹಿಡಿದು ಹೊರಟರೆ ಸಾಕು. ನಿಮ್ಮ ಕಥೆಯಲ್ಲಿ ಕೊಲೆ ಇದೆ, ಬಾವಿ ಇದೆ, ಆದರೆ ಕೊಲೆಗೆ ಕಾರಣ ತೆಳುವಾಗಿದೆ. ‘ಮರ್ಯಾದೆ ಹೋಯಿತು ಅಂತ ಕೊಂದರು’ ಎಂದಿದ್ದೀರಿ. ಅದು ಮೇಲಿನ ಕಥೆಯಾಗಿರಲಿ. ಒಳಗೆ ಮನೆಯ ಪತ್ರವಿರಲಿ.

ಹೇಗೆ ಅಂತ ನೋಡಿ. ಲಕ್ಷ್ಮೀಪುರಂನ ಮನೆ ತಾತನ ಸ್ವಯಾರ್ಜಿತ, ಅಂದರೆ ಸ್ವಂತ ದುಡಿಮೆಯ ಆಸ್ತಿ, ಅಂತ ಇಟ್ಟುಕೊಳ್ಳಿ. ತಾತ ವಿಲ್ ಬರೆಯದೆ 1979ರ ಸುಮಾರಿಗೆ ತೀರಿಕೊಳ್ಳಲಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಂಡತಿ, ದೊಡ್ಡಪ್ಪ, ಹುಡುಗನ ಅಪ್ಪ, ಅತ್ತೆ, ನಾಲ್ಕು ಜನಕ್ಕೂ ಸಮಪಾಲು. ಹೆಣ್ಣುಮಕ್ಕಳಿಗೆ ಆಸ್ತಿ ಬಂದಿದ್ದೇ 2005ರಲ್ಲಿ ಅಂತ ಬಹಳ ಜನ ತಿಳಿದಿದ್ದಾರೆ. ಅದು ಪಿತ್ರಾರ್ಜಿತ ಕೂಡುಕುಟುಂಬದ ಆಸ್ತಿಯ ವಿಷಯ. ಕರ್ನಾಟಕ ಅದಕ್ಕೂ 1994ರಲ್ಲೇ ತನ್ನದೇ ತಿದ್ದುಪಡಿ ತಂದಿತ್ತು. ಅಪ್ಪನ ಸ್ವಯಾರ್ಜಿತದಲ್ಲಿ ಮಗಳಿಗೆ 1956ರಿಂದಲೇ ಪಾಲಿದೆ. ಆದರೆ ಅದೇ ಕಾಯ್ದೆಯ 23ನೇ ಕಲಂ ಒಂದು ತೊಡಕು ಇಟ್ಟಿತ್ತು: ಕುಟುಂಬ ವಾಸವಿರುವ ಮನೆಯನ್ನು ಭಾಗ ಮಾಡಿಕೊಡಿ ಅಂತ ಹೆಣ್ಣುಮಗಳು ಕೇಳುವಂತಿರಲಿಲ್ಲ, ಗಂಡುಮಕ್ಕಳೇ ಭಾಗಕ್ಕೆ ಹೊರಡುವ ತನಕ ಕಾಯಬೇಕಿತ್ತು. ಮದುವೆಯಾಗದ ಮಗಳಿಗೆ ಪಾಲಿನ ಜೊತೆಗೆ ಆ ಮನೆಯಲ್ಲಿ ವಾಸದ ಹಕ್ಕೂ ಇತ್ತು. ಆ ಕಲಂ ತೆಗೆದದ್ದು 2005ರಲ್ಲಿ.

ಈಗ 1983ಕ್ಕೆ ಬನ್ನಿ. ದೊಡ್ಡಪ್ಪನಿಗೆ ಮನೆ ಅಡವಿಡಬೇಕು, ಸಾಲ ಬೇಕು. ಬ್ಯಾಂಕಿನ ವಕೀಲರು ಕಾಗದ ನೋಡಿ ‘ತಂಗಿಯ ರುಜು ಎಲ್ಲಿ?’ ಎನ್ನುತ್ತಾರೆ. ಅತ್ತೆ ಭಾಗ ಕೇಳುತ್ತಿಲ್ಲ, ಕೇಳುವ ಹಕ್ಕೂ ಇಲ್ಲ. ಆದರೆ ರುಜು ಹಾಕಲ್ಲ ಅನ್ನುತ್ತಾಳೆ. ಅವಳು ಸುಮ್ಮನಿದ್ದರೇ ದೊಡ್ಡಪ್ಪನ ಕೈ ಕಟ್ಟಿಹೋಗುತ್ತದೆ. ಜಗಳಗಂಟಿಗಿಂತ ಸುಮ್ಮನೆ ಕೂತ ತಂಗಿ ಕಥೆಗೆ ಹೆಚ್ಚು ಅಪಾಯಕಾರಿ. ಮನೆ ಭಾಗದ ದಾವೆಗಳಲ್ಲೂ ಹೀಗೇ, ಕೂಗಾಡುವವರು ಬೇಗ ರಾಜಿಯಾಗುತ್ತಾರೆ.

ನಿಮ್ಮ ಪತ್ತೇದಾರ ಮೊದಲು ಹೋಗಬೇಕಾದ್ದು ಸಬ್‌ರಿಜಿಸ್ಟ್ರಾರ್ ಕಚೇರಿಗೆ. ಇ.ಸಿ., ಅಂದರೆ ಆ ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ, ತೆಗೆಸಲಿ. 2004ರ ಈಚಿನದ್ದು ಕಂಪ್ಯೂಟರಿನಲ್ಲಿ ಸಿಗುತ್ತದೆ, ಅದರ ಹಿಂದಿನದ್ದಕ್ಕೆ ಕಚೇರಿಯಲ್ಲಿ ಸೂಚಿ ಪುಸ್ತಕ ಹುಡುಕಿಸಬೇಕು. ಮೈಸೂರಿನಲ್ಲಿ ಈಗ ಹಲವು ಸಬ್‌ರಿಜಿಸ್ಟ್ರಾರ್ ಕಚೇರಿಗಳಿರುವುದರಿಂದ ಹಳೇ ಪುಸ್ತಕ ಯಾವ ಕಚೇರಿಯಲ್ಲಿದೆ ಅಂತ ಪತ್ತೆಹಚ್ಚುವುದರಲ್ಲೇ ಅರ್ಧ ದಿನ ಹೋಗಲಿ, ಓದುಗರಿಗೆ ಖುಷಿಯಾಗುತ್ತದೆ. ನೋಂದಣಿ ಕಾಯ್ದೆಯ 57ನೇ ಕಲಂ ಅವನ ನಿಜವಾದ ಆಯುಧ. ಸ್ಥಿರಾಸ್ತಿ ಪತ್ರಗಳಿರುವ ಒಂದನೇ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಇಲ್ಲಿ ಅವನು ಯಾರ ಕಾಲೂ ಹಿಡಿಯಬೇಕಿಲ್ಲ, ಸುಳ್ಳು ಹೆಸರೂ ಬೇಕಿಲ್ಲ.

ಅಲ್ಲಿ ಅವನಿಗೊಂದು ಹಕ್ಕು ಖುಲಾಸೆ ಪತ್ರ ಸಿಗಲಿ. ಅತ್ತೆ ತನ್ನ ನಾಲ್ಕನೇ ಒಂದು ಪಾಲನ್ನು ಅಣ್ಣನಿಗೆ ಬಿಟ್ಟುಕೊಟ್ಟ ಪತ್ರ. ತಾರೀಖು, ಅವಳು ಕಾಣೆಯಾದ ಮೂರು ತಿಂಗಳ ಮೇಲಿನದು. ಮನೆಯವರ ವಿವರಣೆಯೂ ಸಿದ್ಧವಿರುತ್ತದೆ: ‘ಒಂದು ದಿನ ಬಂದಳು, ನಿಮ್ಮ ಆಸ್ತಿ ನನಗೆ ಬೇಡ ಅಂತ ಬರೆದುಕೊಟ್ಟು ಹೋದಳು.’ ಒಪ್ಪುವ ಮಾತೇ. ಆದರೆ ಪತ್ರವನ್ನು ಕೆಳಗಿನಿಂದ ಮೇಲಕ್ಕೆ ಓದುವುದು ಅಭ್ಯಾಸವಿದ್ದವನು ಅಷ್ಟಕ್ಕೆ ಬಿಡುವುದಿಲ್ಲ. ಕೊನೆಯಲ್ಲಿ ‘ಬಿಕ್ಕಲಂ’ ಅಂತ ಬರೆದ ಕೆಳಗೆ ಪತ್ರ ಬರಹಗಾರನ ಹೆಸರು, ಊರು. ಅವನು ಮೈಸೂರಿನವನಲ್ಲ, ಬೇರೆ ತಾಲೂಕಿನವನು. ಅಷ್ಟು ದೂರದಿಂದ ಯಾಕೆ ಕರೆತಂದರು? ಅದರ ಮೇಲೆ ಇಬ್ಬರು ಸಾಕ್ಷಿಗಳು. ಬರೆದುಕೊಟ್ಟವರ ಜಾಗದಲ್ಲಿ ರುಜು ಇಲ್ಲ, ಎಡಗೈ ಹೆಬ್ಬೆಟ್ಟಿನ ಗುರುತು ಅಂತಿದೆ. ಅತ್ತೆ ಮಹಾರಾಣಿ ಕಾಲೇಜಿನಲ್ಲಿ ಓದಿದವಳು ಎಂದು ನಿಮ್ಮ ಮೊದಲ ಅಧ್ಯಾಯದಲ್ಲೇ ಇದೆ! ಅದನ್ನು ಅಲ್ಲೇ ಇಟ್ಟು ಇಲ್ಲಿಯವರೆಗೆ ಮರೆತುಬಿಟ್ಟಿದ್ದೀರಿ. ಡಿಗ್ರಿ ಓದಿದ ಹೆಣ್ಣುಮಗಳು ಹೆಬ್ಬೆಟ್ಟು ಒತ್ತಿದ್ದಾಳೆ. ‘ಕೈಗೆ ಪೆಟ್ಟಾಗಿರುವ ಕಾರಣ’ ಅಂತ ಒಂದು ಸಾಲು ಷರಾ ಸೇರಿಸಿ, ಅನುಮಾನ ಹೆಚ್ಚುತ್ತದೆ.

ಅದು ಹೇಗೆ ನಡೆಯಿತು ಅಂದರೆ, ಆಗ ನಡೆಯುತ್ತಿತ್ತು. ನೋಂದಣಿಗೆ ಬಂದವರ ಫೋಟೋ, ಬೆರಳಚ್ಚು ಪತ್ರಕ್ಕೆ ಅಂಟಿಸಬೇಕು ಅನ್ನುವ ನಿಯಮ ಕಾಯ್ದೆಯೊಳಗೆ ಬಂದದ್ದು 2001ರ ತಿದ್ದುಪಡಿಯಲ್ಲಿ. ಅದಕ್ಕೂ ಮೊದಲು ‘ಈಕೆಯೇ ಆಕೆ’ ಅಂತ ಗುರುತಿಸಲು ಇಬ್ಬರು ನಿಂತರೆ ಮುಗಿಯಿತು. ಮನೆಯಲ್ಲಿ ಅಡುಗೆ ಕೆಲಸಕ್ಕಿದ್ದ ಹೆಂಗಸನ್ನು ಸೆರಗು ಹೊದಿಸಿ ಕರೆದುಕೊಂಡು ಬಂದು ನಿಲ್ಲಿಸಿದ್ದರೆ ಅಧಿಕಾರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

ಇನ್ನೊಂದು ಗಂಟು ಹಾಕಿ. ಆ ಕಾಲದ ಬಹುತೇಕ ಕಚೇರಿಗಳಲ್ಲಿ ಪತ್ರವನ್ನು ಗುಮಾಸ್ತರು ಕೈಯಲ್ಲೇ ಪುಸ್ತಕಕ್ಕೆ ನಕಲು ಮಾಡಿಕೊಳ್ಳುತ್ತಿದ್ದರು. ಆದ್ದರಿಂದ ಪತ್ತೇದಾರನಿಗೆ ಸಿಗುವ ದೃಢೀಕೃತ ನಕಲಿನಲ್ಲಿ ‘ಹೆಬ್ಬೆಟ್ಟಿನ ಗುರುತು’ ಎಂಬ ಅಕ್ಷರಗಳಿರುತ್ತವೆ, ಹೆಬ್ಬೆಟ್ಟು ಇರುವುದಿಲ್ಲ. ಬೆರಳಿನ ಗೆರೆ ಬೇಕಾದರೆ ಅಸಲು ಪತ್ರ ಬೇಕು. ಅಸಲು ಎಲ್ಲಿದೆ? ದೊಡ್ಡಪ್ಪನ ಬೀರುವಿನಲ್ಲಿ, ಇಲ್ಲವೇ ಸಾಲಕ್ಕೆ ಆಧಾರವಾಗಿ ಬ್ಯಾಂಕಿನಲ್ಲಿ. ಇಲ್ಲಿಂದ ಮುಂದೆ ನಿಮ್ಮ ಮಧ್ಯಭಾಗ ತಾನೇ ಓಡುತ್ತದೆ. ಅಸಲಿನ ಹಿಂಬದಿಯನ್ನೂ ಮರೆಯಬೇಡಿ. ಛಾಪಾ ಕಾಗದದ ಹಿಂದೆ ಸ್ಟಾಂಪ್ ವೆಂಡರ್ ಬರೆದ ತಾರೀಖು, ಯಾರ ಹೆಸರಿಗೆ ಕೊಟ್ಟದ್ದು ಎಂಬುದು ಇರುತ್ತದೆ. ಆ ತಾರೀಖು ಅತ್ತೆ ಕಾಣೆಯಾಗುವುದಕ್ಕಿಂತ ಮೊದಲಿನದಾದರೆ? ಅವಳಾಗಿಯೇ ಬಂದು ಬಿಟ್ಟುಕೊಟ್ಟಳು ಅನ್ನುವವರು ಅವಳು ಮನೆಯಲ್ಲಿದ್ದಾಗಲೇ ಕಾಗದ ಕೊಂಡಿದ್ದರು ಎಂದಾಯಿತು.

ಅದೇ ಕಚೇರಿಯ ಇನ್ನೆರಡು ಪುಸ್ತಕ ಕಾದಂಬರಿಕಾರರ ಕಣ್ಣಿಗೆ ಬೀಳದಿರುವುದು ನನಗೆ ಆಶ್ಚರ್ಯ. ಎರಡನೇ ಪುಸ್ತಕದಲ್ಲಿ ನೋಂದಣಿ ನಿರಾಕರಿಸಿದ ಪತ್ರಗಳ ಕಾರಣ ಬರೆದಿರುತ್ತದೆ. ಅದನ್ನೂ ಯಾರು ಬೇಕಾದರೂ ನೋಡಬಹುದು. ಖುಲಾಸೆ ಪತ್ರಕ್ಕೆ ಕೆಲವು ತಿಂಗಳು ಮುಂಚೆ ಅಂಥದ್ದೇ ಪತ್ರವೊಂದು ಬಂದು, ‘ಬರೆದುಕೊಟ್ಟವರು ತಾನು ಬರೆದುಕೊಟ್ಟಿಲ್ಲವೆಂದು ಹೇಳಿದ್ದರಿಂದ ನಿರಾಕರಿಸಲಾಗಿದೆ’ ಎಂದು ಷರಾ ಆಗಿದ್ದರೆ, ಅತ್ತೆಯ ದನಿ ನಾಲ್ಕು ದಶಕದ ಮೇಲೆ ಒಂದು ಸಾಲಿನಲ್ಲಿ ಕೇಳಿಸುತ್ತದೆ. ಮೂರನೇ ಪುಸ್ತಕ ವಿಲ್‌ಗಳದ್ದು. ಬರೆದವರು ಬದುಕಿರುವಾಗ ಅದರ ನಕಲು ಅವರಿಗೆ ಅಥವಾ ಅವರ ಏಜೆಂಟರಿಗೆ ಮಾತ್ರ. ಸತ್ತ ಮೇಲೆ ಯಾರು ಅರ್ಜಿ ಹಾಕಿದರೂ ಕೊಡುತ್ತಾರೆ. ಮೊಹರು ಹಾಕಿದ ಲಕೋಟೆಯಲ್ಲಿ ವಿಲ್ ಅನ್ನು ಜಿಲ್ಲಾ ನೋಂದಣಾಧಿಕಾರಿಯ ಹತ್ತಿರ ಇಡುವ ಅವಕಾಶವೂ ಕಾಯ್ದೆಯಲ್ಲಿದೆ, ಬರೆದವರು ಸತ್ತ ಮೇಲೆ ಯಾರಾದರೂ ಅರ್ಜಿ ಕೊಟ್ಟರೆ ತೆರೆಯುತ್ತಾರೆ. ಇದೊಂದನ್ನೇ ಇಟ್ಟುಕೊಂಡು ಬೇರೆ ಕಾದಂಬರಿ ಬರೆಯಬಹುದು, ಇದಕ್ಕೆ ತುರುಕಬೇಡಿ.

ದೊಡ್ಡಪ್ಪ ತಾತನ ಹೆಸರಲ್ಲಿ ಸುಳ್ಳು ವಿಲ್ ಹುಟ್ಟಿಸುವ ಉಪಕಥೆ ಬೇಕೆನಿಸಿದರೆ ಸುಲಭದ ಸುಳಿವು ಕೊಡುತ್ತೇನೆ. ವಿಲ್‌ಗೆ ಛಾಪಾ ಕಾಗದ ಬೇಡ, ನೋಂದಣಿ ಬೇಡ, ಇಬ್ಬರು ಸಾಕ್ಷಿಗಳಿದ್ದರೆ ಬಿಳಿ ಹಾಳೆ ಸಾಕು. 1970ರ ತಾರೀಖು ಹಾಕಿದ ವಿಲ್‌ನಲ್ಲಿ ವಿಳಾಸ ‘ಲಕ್ಷ್ಮೀಪುರಂ, ಮೈಸೂರು 570004, ಕರ್ನಾಟಕ’ ಅಂತಿರಲಿ. ಪಿನ್‌ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಮೈಸೂರು ರಾಜ್ಯ ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ಒಂದೇ ಸಾಲಿನಲ್ಲಿ ಎರಡು ಸಲ ಸಿಕ್ಕಿಬಿದ್ದ ಹಾಗೆ.

ಮೈಸೂರು ಮುಗಿಸಿ ಪಾಂಡವಪುರಕ್ಕೆ ಕಳಿಸಿ. ಹಳ್ಳಿಯ ಗದ್ದೆಗೆ ಪಹಣಿ ಇದೆ, ಖಾತೆ ಬದಲಾವಣೆಗೆ ಮ್ಯುಟೇಷನ್ ರಿಜಿಸ್ಟರ್ ಇದೆ, ಅದಕ್ಕೆ ಆಧಾರವಾಗಿ ಕೊಟ್ಟ ವಂಶವೃಕ್ಷ ಇದೆ. ಆ ವಂಶವೃಕ್ಷದಲ್ಲಿ ತಾತನಿಗೆ ಇಬ್ಬರೇ ಮಕ್ಕಳು, ಇಬ್ಬರೂ ಗಂಡು. ಇದರಲ್ಲಿ ಅತಿಶಯವೇನಿಲ್ಲ, ವಂಶವೃಕ್ಷ ಬರೆಸುವಾಗ ಹೆಣ್ಣುಮಕ್ಕಳನ್ನು ಬಿಟ್ಟುಬಿಡುವುದು ನಮ್ಮ ಜಿಲ್ಲೆಗಳ ನಿತ್ಯದ ಕಥೆ. ಭಾಗದ ದಾವೆಗಳಲ್ಲಿ ದೊಡ್ಡ ಪಾಲು ಅಲ್ಲಿಂದಲೇ ಹುಟ್ಟುತ್ತದೆ. ಆದರೆ ನಿಮ್ಮ ಪತ್ತೇದಾರನ ಕೈಯಲ್ಲಿ ಈಗ ಎರಡು ಕಾಗದ. ಲಕ್ಷ್ಮೀಪುರಂ ಮನೆಯ ಕಾಗದದಲ್ಲಿ ಅತ್ತೆ ಬದುಕಿದ್ದಾಳೆ, ಬಂದು ಹೆಬ್ಬೆಟ್ಟು ಒತ್ತಿದ್ದಾಳೆ. ಹಳ್ಳಿಯ ಗದ್ದೆಯ ಕಾಗದದಲ್ಲಿ ಅವಳು ಹುಟ್ಟಿಯೇ ಇಲ್ಲ. ಬೇಕಾದರೆ ಮೂರನೆಯದನ್ನೂ ಸೇರಿಸಿ: ಏಳು ವರ್ಷ ಸುದ್ದಿಯಿಲ್ಲದವರನ್ನು ಸತ್ತವರೆಂದು ಭಾವಿಸಬಹುದು ಅಂತ ಸಾಕ್ಷ್ಯ ಕಾಯ್ದೆಯ 108ನೇ ಕಲಂ ಹೇಳುತ್ತಿತ್ತು. 1991ರಲ್ಲಿ ಯಾವುದೋ ಠೇವಣಿ ಬಿಡಿಸಿಕೊಳ್ಳಲು ದೊಡ್ಡಪ್ಪ ಕೋರ್ಟಿಗೆ ಹೋಗಿ ‘ನನ್ನ ತಂಗಿ 1983ರಿಂದ ಒಂದು ದಿನವೂ ಕಂಡಿಲ್ಲ’ ಅಂತ ಪ್ರಮಾಣ ಮಾಡಿ ಡಿಕ್ರಿ ಪಡೆದಿರಲಿ. ಒಂದು ದಿನವೂ ಕಾಣದವಳು ಮೂರು ತಿಂಗಳ ಮೇಲೆ ಬಂದು ಪತ್ರ ಬರೆದುಕೊಟ್ಟದ್ದು ಹೇಗೆ? ಸುಳ್ಳು ಹೇಳುವವನು ಕಚೇರಿಗೊಂದು ಸುಳ್ಳು ಹೇಳಿರುತ್ತಾನೆ, ಯಾರೂ ಮೂರನ್ನೂ ಒಟ್ಟಿಗೆ ಇಟ್ಟು ನೋಡುವುದಿಲ್ಲ ಅನ್ನುವ ಧೈರ್ಯದಲ್ಲಿ. ನಿಮ್ಮ ನಾಯಕನ ಪ್ರತಿಭೆ ಅಷ್ಟೇ ಇರಲಿ, ಮೂರನ್ನೂ ಒಂದೇ ಮೇಜಿನ ಮೇಲೆ ಹರಡುವುದು.

ಕಾಗದದ ಜೊತೆ ಹೆಂಗಸರ ಮಾತೂ ಬೇಕು. ಅದು ನಿಮ್ಮ ಊರಿನದೇ ವಿಷಯ, ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಮಂಡ್ಯದ ಕಡೆ ಪಿತೃಪಕ್ಷದಲ್ಲಿ ಸತ್ತವರಿಗೆ ಎಡೆ ಇಡುತ್ತಾರೆ: ಹೊಸ ಬಟ್ಟೆ, ಅವರಿಗೆ ಇಷ್ಟವಾದ ಅಡುಗೆ, ಬೀಡಿ ಸೇದುತ್ತಿದ್ದ ತಾತನಿಗೆ ಒಂದು ಕಟ್ಟು ಬೀಡಿ. ನಿಮ್ಮ ಪತ್ತೇದಾರ ಆ ಮನೆಯಲ್ಲಿ ಹಿಂದೆ ಕೆಲಸಕ್ಕಿದ್ದ ಅಜ್ಜಿಯ ಹತ್ತಿರ 'ಕೊಲೆ', 'ಬಾವಿ' ಅನ್ನುವ ಮಾತೇ ಎತ್ತಬಾರದು.

“ಅವ್ವಾ, ಆ ಮನೇಲಿ ಹಬ್ಬಕ್ಕೆ ಎಷ್ಟು ಎಡೆ ಮಡುಗೋರು?”

“ನಾಕು. ದೊಡ್ಡ ಯಜಮಾನ್ರುದೊಂದು, ಅವ್ರಪ್ಪಂದೊಂದು, ಅವ್ರವ್ವುಂದೊಂದು...”

“ನಾಕನೇದು?”

“ಅದ್ರ ಮುಂದೆ ಒಂದು ಹಸುರು ಸೀರೆ ಮಡುಗೋರು ಕನಪ್ಪ. ಯಾರ್ದು ಅಂತ ನಾವ್ಯಾಕೆ ಕೇಳಾನ? ಉಂಡ್ಕಂಡು ಹೋಗೋರು ನಾವು.”

ಓಡಿಹೋದವಳಿಗೆ ಶಾಪ ಹಾಕುತ್ತಾರೆ, ಎಡೆ ಇಡುವುದಿಲ್ಲ. ಯಾವ ವರ್ಷದಿಂದ ನಾಲ್ಕನೇ ಎಲೆ ಬಂತು ಅಂತ ಅಜ್ಜಿ ತನ್ನ ಮಗಳ ಬಾಣಂತನದ ಲೆಕ್ಕದಲ್ಲಿ ಹೇಳಲಿ, ಇಸವಿಯಲ್ಲಿ ಬೇಡ. ಇಷ್ಟು ಬರೆದರೆ, ಮನೆಯ ಯಜಮಾನಿಗೆ ಎಲ್ಲ ಗೊತ್ತಿತ್ತು ಅಂತ ಓದುಗರಿಗೆ ನೀವು ಬಾಯಿಬಿಟ್ಟು ಹೇಳಬೇಕಾದ್ದೇ ಇಲ್ಲ.

ಬಾವಿಯ ವಿಚಾರ ಒಂದೆರಡು ಮಾತು. ಹಳೇ ಮೈಸೂರಿನ ಮನೆಗಳ ಹಿತ್ತಲಿನಲ್ಲಿ ಬಾವಿ ಇರುವುದು ಸಹಜ, ಅದನ್ನು ಮುಚ್ಚಿದ್ದೂ ಸಹಜ. ಆದ್ದರಿಂದ ಮುಚ್ಚಿದ ಸಮಯದಲ್ಲಿ ಅಸಹಜತೆ ಇಡಿ. ಅಕ್ಕಪಕ್ಕದವರೂ ಬಂದು ನೀರು ಸೇದುತ್ತಿದ್ದ ಬಾವಿಯನ್ನು ಕಡುಬೇಸಿಗೆಯಲ್ಲಿ, ಪೂಜೆಯನ್ನೂ ಮಾಡಿಸದೆ, ಒಂದೇ ವಾರದಲ್ಲಿ ಇಟ್ಟಿಗೆ ಚೂರು ತುಂಬಿ ಮುಚ್ಚಿಸಿದರು ಅಂತ ಪಕ್ಕದ ಮನೆಯ ವೃದ್ಧರು ಇವತ್ತಿಗೂ ಸಿಟ್ಟಿನಿಂದ ಹೇಳಲಿ. ನೀರಿನ ಸಿಟ್ಟು ಬಹಳ ದಿನ ಇರುತ್ತದೆ. ಹಾಗೇ ಮೈಸೂರಿನ ಹಳೇ ಬಡಾವಣೆಗಳ ಹಿಂಭಾಗದ ಕನ್ಸರ್ವೆನ್ಸಿ ಗಲ್ಲಿಯನ್ನು ಬಳಸಿಕೊಳ್ಳಿ. 1903ರಷ್ಟು ಹಿಂದೆಯೇ ಈ ಊರಿಗೆ ನಗರಾಭಿವೃದ್ಧಿಗೆಂದು ಟ್ರಸ್ಟ್ ಬೋರ್ಡ್ ಬಂದಿತ್ತು. ಸಾಲುಮನೆಗಳ ಬೆನ್ನಿಗೆ ಬೆನ್ನು ಕೊಟ್ಟಂತೆ ಜಾಡಮಾಲಿಗಳ ಓಡಾಟಕ್ಕೆ ಬಿಟ್ಟ ಕಿರುದಾರಿಗಳು ಇವತ್ತಿಗೂ ಇವೆ. ಮುಂಬಾಗಿಲಲ್ಲಿ ಕೂತ ಯಾರಿಗೂ ಕಾಣದೆ ಹಿತ್ತಿಲಿನಿಂದ ಹೋಗಿಬರಬಹುದು. ‘ಅವಳು ಹೋದದ್ದನ್ನು ಯಾರೂ ನೋಡಲಿಲ್ಲ’ ಅನ್ನುವ ಮನೆಯವರ ಮಾತಿಗೆ ಆ ಗಲ್ಲಿಯೇ ಬೆಂಬಲವಾಗುತ್ತದೆ, ಪತ್ತೇದಾರನೂ ಅಲ್ಲಿ ಸ್ವಲ್ಪ ದಿನ ದಾರಿ ತಪ್ಪಲಿ.

ಅವನ ಕೈಯಲ್ಲಿ ಮಾತ್ರ ಬಾವಿ ಅಗೆಸಬೇಡಿ. ಮೊದಲ ಮೂಳೆ ಕಂಡೊಡನೆ ನಿಲ್ಲಿಸಿ ಠಾಣೆಗೆ ತಿಳಿಸಬೇಕು. ಮುಂದಿನದ್ದು ಪೊಲೀಸರು, ಪಂಚರು, ತಹಶೀಲ್ದಾರರ ಸಮ್ಮುಖದ ಮಹಜರು, ಮೆಡಿಕಲ್ ಕಾಲೇಜಿನ ವಿಧಿವಿಜ್ಞಾನದ ವೈದ್ಯರು. ಸೊಂಟದ ಮೂಳೆ ನೋಡಿ ಹೆಣ್ಣು ಅಂತ, ತೊಡೆಯ ಮೂಳೆ ಅಳೆದು ಸುಮಾರು ಎತ್ತರ, ಕೀಲುಗಳಿಂದ ಸುಮಾರು ವಯಸ್ಸು ಹೇಳಬಲ್ಲರು. ತಲೆಬುರುಡೆ ಒಡೆದಿದ್ದರೆ ಕಾಣುತ್ತದೆ. ಕತ್ತು ಹಿಸುಕಿದ್ದನ್ನು ಇಷ್ಟು ವರ್ಷದ ಮೇಲೆ ಮೂಳೆ ನೋಡಿ ಹೇಳುವುದು ಬಹಳ ಕಷ್ಟ, ನಿಮ್ಮ ಡಾಕ್ಟರು ಅದನ್ನು ಒಂದೇ ನೋಟಕ್ಕೆ ಹೇಳಿಬಿಡುತ್ತಾರೆ. ಅದನ್ನು ಬದಲಿಸಿ.

ಈಗ ಡಿಎನ್‌ಎ. ನಿಮ್ಮ ಕಥೆ ಪೂರಾ ಜಾರಿದ್ದು ಇಲ್ಲಿ, ಆದರೆ ಜಾರಿದ ಜಾಗದಲ್ಲೇ ನಿಧಿ ಇದೆ. ಹಳೇ ಮೂಳೆಯಲ್ಲಿ ಹೆಚ್ಚು ಕಾಲ ಉಳಿಯುವುದು ಮೈಟೊಕಾಂಡ್ರಿಯಾದ ಡಿಎನ್‌ಎ. ಅದು ತಾಯಿಯಿಂದ ಮಾತ್ರ ಬರುತ್ತದೆ. ಅತ್ತೆಗೆ ಬಂದದ್ದು ಅವಳ ತಾಯಿಯಿಂದ. ಸೋದರಳಿಯನಿಗೆ ಬಂದದ್ದು ಅವನ ತಾಯಿಯಿಂದ, ಆಕೆ ಬೇರೆ ಮನೆಯಿಂದ ಬಂದ ಸೊಸೆ. ಎರಡೂ ಹೊಂದುವುದಿಲ್ಲ. ಗಂಡುವಂಶದ ವೈ ಕ್ರೋಮೋಸೋಮ್ ಹೋಲಿಸೋಣವೆಂದರೆ ಹೆಣ್ಣಿನ ಮೂಳೆಯಲ್ಲಿ ಅದು ಇರುವುದೇ ಇಲ್ಲ. ಹುಡುಗನ ರಕ್ತ ಕೊಟ್ಟು ಹೆಚ್ಚೇನೂ ಪ್ರಯೋಜನವಿಲ್ಲ. ಅವಳ ಒಡಹುಟ್ಟಿದವರ ರಕ್ತ ಬೇಕು. ಹುಡುಗನ ಅಪ್ಪನನ್ನು ಬದುಕಿಸಿಡಿ, ಅವರು ಒಪ್ಪಿ ಕೊಡಲಿ. ಮಾದರಿ ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ (ಎಫ್‌ಎಸ್‌ಎಲ್) ಹೋಗಿ, ವರದಿ ಬರಲಿ: ಹೊಂದುತ್ತಿಲ್ಲ.

ಎಲ್ಲರೂ ಮೂಳೆ ಬೇರೆ ಯಾರದೋ ಅಂತ ಕೈಬಿಡುತ್ತಾರೆ. ದೊಡ್ಡಪ್ಪ ನಿಟ್ಟುಸಿರು ಬಿಡುತ್ತಾರೆ. ಪತ್ತೇದಾರನೊಬ್ಬನಿಗೆ ಮಾತ್ರ, ಇವರೆಲ್ಲ ಒಬ್ಬ ತಾಯಿಯ ಮಕ್ಕಳು ಅಂತ ಯಾರು ಹೇಳಿದ್ದು ಎಂಬ ಪ್ರಶ್ನೆ ಏಳಲಿ. ಜನನ ರಿಜಿಸ್ಟರ್ ಹುಡುಕಿಸುವ ಹಕ್ಕು ಯಾರಿಗೂ ಇದೆ, ಪ್ರಮಾಣಪತ್ರ ಕೊಡುತ್ತಾರೆ. ಅದರಲ್ಲಿ ಅತ್ತೆಯ ತಾಯಿಯ ಹೆಸರು ಬೇರೆ. ತಾತನಿಗೆ ಇನ್ನೊಂದು ಸಂಸಾರವಿತ್ತು. ಆ ತಾಯಿ ತೀರಿಕೊಂಡ ಮೇಲೆ ಮಗುವನ್ನು ಲಕ್ಷ್ಮೀಪುರಂಗೆ ತಂದು ಎಲ್ಲರ ಜೊತೆ ಬೆಳೆಸಿದರು. ‘ಹೂತಿಟ್ಟ ಗುಟ್ಟು’ ಅಂತ ನೀವು ಬಾವಿಯೊಳಗಿನದನ್ನು ತಿಳಿದಿದ್ದಿರಿ. ಈ ಮನೆ ಅದಕ್ಕಿಂತ ಎಷ್ಟೋ ವರ್ಷ ಮೊದಲೇ ಒಂದನ್ನು ಹೂತಿತ್ತು. ಹಸುರು ಸೀರೆ ಇಡುತ್ತಿದ್ದಾಕೆ ಮಲತಾಯಿ ಅನ್ನುವುದೂ ಈಗ ತಿಳಿಯುತ್ತದೆ. ತಾತನ ಎರಡನೇ ಮದುವೆ ಮೊದಲ ಹೆಂಡತಿ ಇರುವಾಗಲೇ, 1955ರ ಹಿಂದೂ ವಿವಾಹ ಕಾಯ್ದೆಯ ನಂತರ ನಡೆದದ್ದಾದರೆ ಅಸಿಂಧು. ಆದರೂ ಆ ಕಾಯ್ದೆಯ 16ನೇ ಕಲಂ ಪ್ರಕಾರ ಮಗಳು ಔರಸಳೇ, ಅಂದರೆ ಕಾನೂನುಬದ್ಧ ಮಗಳೇ, ಅಪ್ಪನ ಆಸ್ತಿಯಲ್ಲಿ ಪಾಲಿದೆ. 2023ರಲ್ಲಿ ಸುಪ್ರೀಂ ಕೋರ್ಟು ರೇವಣಸಿದ್ದಪ್ಪ ಪ್ರಕರಣದಲ್ಲಿ ಇದನ್ನೇ ಇನ್ನಷ್ಟು ಬಿಡಿಸಿ ಹೇಳಿತು, ಅದೂ ಕರ್ನಾಟಕದಿಂದ ಹೋದ ಪ್ರಕರಣವೇ. ದೊಡ್ಡಪ್ಪನ ಬಾಯಲ್ಲಿ ‘ಅವಳಿಗೇನು ಹಕ್ಕಿತ್ತು’ ಅನ್ನುವ ಮಾತು ಬಂದರೆ ಅದಕ್ಕೆ ಉತ್ತರ ಸಿದ್ಧವಿರಲಿ ಅಂತ ಹೇಳಿದೆ.

ನಿಮ್ಮ ಹುಡುಗನ ಮೇಲೂ ಸ್ವಲ್ಪ ಮಸಿ ಬಳಿಯಿರಿ, ಈಗ ತೀರಾ ಬಿಳಿಯಾಗಿದ್ದಾನೆ. ಕೊಂದವನಿಗೆ ಕೊಲೆಯಾದವರ ಆಸ್ತಿ ಸಿಗುವುದಿಲ್ಲ, ಉತ್ತರಾಧಿಕಾರ ಕಾಯ್ದೆಯ 25ನೇ ಕಲಂ. ಅವನ ಮೂಲಕ ಅವನ ಮಕ್ಕಳೂ ಕೇಳುವಂತಿಲ್ಲ. ಕೆಂಚವ್ವ–ಗಿರಿಮಲ್ಲಪ್ಪ ಎಂಬ ನಮ್ಮ ಉತ್ತರ ಕರ್ನಾಟಕದ ಪ್ರಕರಣದಲ್ಲಿ ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಪ್ರಿವಿ ಕೌನ್ಸಿಲ್ 1924ರಲ್ಲೇ ಕೊಲೆಗಾರನನ್ನು ಇಲ್ಲವೇ ಇಲ್ಲ ಎಂದು ಭಾವಿಸಬೇಕು ಅಂದಿತ್ತು. ಅಂದರೆ ದೊಡ್ಡಪ್ಪ ಕೊಲೆಗಾರನೆಂದು ಸಾಬೀತಾದರೆ, ಸುಳ್ಳು ಪತ್ರ ಬಿದ್ದುಹೋದರೆ, ಅತ್ತೆಯ ಪಾಲು ಹುಡುಗನ ಅಪ್ಪನ ಕಡೆ ವಾಲುತ್ತದೆ. ಕಾಲಮಿತಿಯ ತಕರಾರು ಬೇರೆ ಇದೆ, ಅದು ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆಯುತ್ತದೆ. ಕಾದಂಬರಿಗೆ ಅನುಮಾನ ಸಾಕು. ಅತ್ತೆಯ ಮೇಲಿನ ಪ್ರೀತಿಗೆ ಬಂದನೋ, ಲಕ್ಷ್ಮೀಪುರಂನ ಈಗಿನ ಸೈಟ್ ಬೆಲೆ ಕೇಳಿ ಬಂದನೋ ಅಂತ ಪತ್ತೇದಾರನಿಗೆ ಕೊನೆಯವರೆಗೂ ಗೊತ್ತಾಗದಿರಲಿ.

ಹಾಲ್‌ನಲ್ಲಿ ಎಲ್ಲರನ್ನೂ ಕೂರಿಸಿ ತಪ್ಪೊಪ್ಪಿಸುವ ದೃಶ್ಯ ಬಿಡಿ. ಎಪ್ಪತ್ತು ದಾಟಿದ ದೊಡ್ಡಪ್ಪ, ವಕೀಲರನ್ನು ಇಟ್ಟುಕೊಂಡವರು, ಹಾಗೆಲ್ಲ ಒಪ್ಪುವುದಿಲ್ಲ. ಜಗುಲಿಯಲ್ಲಿ ಇಬ್ಬರೇ ಇರುವಾಗ, ಬೇಸರದಲ್ಲಿ, ಒಂದೇ ಮಾತು ಜಾರಲಿ: “ಒಂದು ರುಜು ಹಾಕಿದ್ದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ ಕಣಯ್ಯ.” ಅವಳೇ ಬಂದು ಬರೆದುಕೊಟ್ಟಳು ಅಂತ ನಾಲ್ಕು ದಶಕ ಹೇಳಿಕೊಂಡು ಬಂದವರು ಆ ಪತ್ರವನ್ನು ತಮ್ಮ ಬಾಯಿಂದಲೇ ಹರಿದುಹಾಕಿದ ಹಾಗಾಯಿತು. ಕೇಳಿಸಿಕೊಂಡವನು ಪೊಲೀಸಲ್ಲ, ಆದ್ದರಿಂದ ಕೋರ್ಟಿನಲ್ಲಿ ಹೇಳಬಹುದು.

ಉಳಿದ ಸಣ್ಣಪುಟ್ಟವು. ಮರಣ ಪ್ರಮಾಣಪತ್ರದಲ್ಲಿ ತಾತ ಸತ್ತ ಕಾರಣ ಓದಿ ಪತ್ತೇದಾರ ಬೆಚ್ಚುತ್ತಾನೆ ಎಂದಿದ್ದೀರಿ. ಸಾವಿನ ಕಾರಣವನ್ನು ಪ್ರಮಾಣಪತ್ರದಲ್ಲಿ ಕೊಡಬಾರದೆಂದು 1969ರ ಜನನ ಮರಣ ನೋಂದಣಿ ಕಾಯ್ದೆಯೇ ಹೇಳುತ್ತದೆ, ಆ ಪ್ಯಾರಾ ತೆಗೆಯಿರಿ. ಕೊಲೆಗೆ ಕಾಲಮಿತಿ ಇಲ್ಲ, ಎಷ್ಟು ಹಳೆಯದಾದರೂ ಕೇಸು ಹಾಕಬಹುದು. ಆದರೆ ಆರೋಪಿ ಸತ್ತರೆ ಅವನ ಮೇಲಿನದು ಅಲ್ಲಿಗೇ ಮುಗಿಯುತ್ತದೆ, ಆದ್ದರಿಂದ ದೊಡ್ಡಪ್ಪನನ್ನು ಕೊನೆಯ ಪುಟದವರೆಗೂ ಗಟ್ಟಿಯಾಗಿಡಿ. ಎಫ್‌ಐಆರ್ ಬರೆಯುವ ಅಧ್ಯಾಯದಲ್ಲಿ ಹೊಸ ನ್ಯಾಯ ಸಂಹಿತೆಯ ಕಲಂ ಹಾಕಿದ್ದೀರಿ. ಅದು ಜಾರಿಯಾದದ್ದು 2024ರ ಜುಲೈ 1ಕ್ಕೆ, ಅಪರಾಧ 1983ರದ್ದು. ಹಳೇ ಐಪಿಸಿಯ 302 (ಕೊಲೆ), 201 (ಸಾಕ್ಷ್ಯ ನಾಶ) ಎಂದೇ ಬರೆಯಿರಿ. ತನಿಖೆಯ ವಿಧಾನ ಮಾತ್ರ ಹೊಸ ಸಂಹಿತೆಯದು. ಖುಲಾಸೆ ಪತ್ರದ ಅಧ್ಯಾಯ ಬರೆದಾದ ಮೇಲೆ ಮಂಡ್ಯದಲ್ಲೇ ಯಾರಾದರೂ ಹಳೇ ಪತ್ರ ಬರಹಗಾರರಿಗೆ ಓದಿಸಿ, ಒಕ್ಕಣೆಯ ಭಾಷೆ ಅವರು ತಿದ್ದಿಕೊಡುತ್ತಾರೆ.